ಅಮ್ಮ ಎತ್ತ ನೋಡಿದಳು

ಒಂದೇ ಮನೆಯ ಮೇಲಂತಸ್ತು ಕೆಳಅಂತಸ್ತುಗಳಲ್ಲಿ ಇದ್ದುಕೊಂಡು ಹನ್ನೊಂದು ವರ್ಷ ಮಾತು ಬಿಡುವುದು ತಮಾಷೆಯ ಮಾತಲ್ಲ. ಅದಕ್ಕೆ ಶಿಸ್ತು ಬೇಕು. ಅಣ್ಣ ಬಾಗಿಲು ತೆಗೆದ ಸದ್ದಾದರೆ ತಮ್ಮ ಮೆಟ್ಟಿಲ ಮೇಲೇ ನಿಂತು, ಇಲ್ಲದ ಫೋನ್ ಕರೆಗೆ ಉತ್ತರಿಸಬೇಕು. ಜಗಳ ಹುಟ್ಟಿದ್ದು ತಾರಸಿ ಬಾಗಿಲಿನ ಚಿಲಕ ಹಾಕಬೇಕಾದವರು ಯಾರು ಎಂಬ ವಿಷಯಕ್ಕೆ. ಆ ಚಿಲಕ ತುಕ್ಕು ಹಿಡಿದು ಉದುರಿಹೋಗಿ ಎಷ್ಟೋ ಕಾಲವಾಯಿತು. ಜಗಳ ಮಾತ್ರ ಗಟ್ಟಿಮುಟ್ಟಾಗಿತ್ತು.

ಇವರಿಬ್ಬರ ನಡುವೆ ಹುಟ್ಟಿದವಳು ಎರಡು ಬೀದಿ ಆಚೆ ಫೋಟೋ ಸ್ಟುಡಿಯೋ ಇಟ್ಟಿದ್ದಳು. ಮನೆಯಲ್ಲಿ ಅವಳಿಗೆ ಸ್ಟುಡಿಯೋದವಳು ಅಂತಲೇ ಹೆಸರು. ಎಂಬತ್ತು ತುಂಬಿದ ದಿನ ಅಮ್ಮ ಅವಳನ್ನು ಕರೆದು ಕೂರಿಸಿಕೊಂಡಳು.

"ಕಣ್ಣು ಕಾಣ್ತಿರುವಾಗ್ಲೇ ನನ್ನ ಮಕ್ಕಳೆಲ್ಲ ಇರೋ ಒಂದು ಫೋಟೋ ನೋಡ್ಬೇಕು ಕಣೇ. ಇನ್ನೇನೂ ಕೇಳಲ್ಲ."

ಮಕ್ಕಳೆಲ್ಲ ಎಂದರೆ ಇಬ್ಬರು ಗಂಡುಮಕ್ಕಳು, ಅವರ ಸಂಸಾರಗಳು. ಕ್ಯಾಮೆರಾ ಹಿಡಿದವಳೂ ಹೊಟ್ಟೆಯಲ್ಲಿ ಹುಟ್ಟಿದವಳೇ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಅವಳಿಗೂ ಅದು ರೂಢಿಯಾಗಿಹೋಗಿತ್ತು. ಆದರೂ ಒಳಗೆಲ್ಲೋ ಚುರುಕ್ಕೆಂದಿತು.

"ಅವನಿರೋ ಫೋಟೋದಲ್ಲಿ ನಾನು ನಿಲ್ಲಲ್ಲ," ಎಂದ ಅಣ್ಣ. ತಮ್ಮನೂ ಅಕ್ಷರ ಬದಲಿಸದೆ ಅದನ್ನೇ ಹೇಳಿದ. ಅಷ್ಟರ ಮಟ್ಟಿಗೆ ಒಮ್ಮತವಿತ್ತು.

ಸ್ಟುಡಿಯೋದವಳು ಉಪಾಯ ಹೂಡಿದಳು. ಪನೋರಮಾ ತೆಗೆಯೋಣ ಎಂದಳು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಒಂದೇ ಕಡೆ ನಿಲ್ಲಿಸಿ, ಎಡದಿಂದ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒಂದೊಂದಾಗಿ ತೆಗೆಯುವುದು, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಿ ಒಂದೇ ಉದ್ದನೆಯ ಚಿತ್ರ ಮಾಡುವುದು. ಮೊದಲು ಅಣ್ಣನ ಸಂಸಾರ ತಾರಸಿಯ ಎಡಕ್ಕೆ ನಿಂತು ಇಳಿದುಹೋಗಲಿ, ಆಮೇಲೆ ತಮ್ಮನ ಸಂಸಾರ ಬಂದು ಬಲಕ್ಕೆ ನಿಲ್ಲಲಿ.

ಅಣ್ಣ ಗಲ್ಲ ತುರಿಸಿಕೊಂಡ. "ಕಂಪ್ಯೂಟರ್ ಜೋಡಿಸಿದ್ರೆ ನಂದೇನೂ ಅಭ್ಯಂತರ ಇಲ್ಲ. ನಾನಾಗಿ ನಿಂತ ಹಾಗಾಗಲ್ವಲ್ಲ."

ಇದರಲ್ಲಿ ಒಂದು ತೊಡಕಿತ್ತು. ಒಂದು ಚಿತ್ರ ಇನ್ನೊಂದಕ್ಕೆ ಅಂಟಬೇಕಾದರೆ ಎರಡರಲ್ಲೂ ಒಂದಿಷ್ಟು ಭಾಗ ಒಂದೇ ಆಗಿರಬೇಕು. ನಡುವೆ ಕುರ್ಚಿ ಹಾಕಿಕೊಂಡು ಕೂತವಳು ಅಮ್ಮ. ಅಣ್ಣನ ಕೊನೆಯ ಚಿತ್ರದಲ್ಲೂ ಅವಳೇ, ತಮ್ಮನ ಮೊದಲ ಚಿತ್ರದಲ್ಲೂ ಅವಳೇ. ಹೊಲಿಗೆ ಬೀಳುವುದು ಅವಳ ಮೇಲೆ.

"ಕತ್ತು ಅಲ್ಲಾಡಿಸ್ಬೇಡಮ್ಮ, ನಿನ್ನ ಕಾಲಿಗೆ ಬೀಳ್ತೀನಿ."

"ನಾನೇನು ಗೊಂಬೆಯಾ?" ಎಂದಳು ಅಮ್ಮ. ಆದರೂ ಒಪ್ಪಿದಳು.

ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಸ್ಟುಡಿಯೋದವಳ ಕಣ್ಣೆಲ್ಲ ಬೆಳಕಿನ ಮೇಲೆ, ಗೋಡೆಯ ಗೆರೆ ಸೊಟ್ಟಾಗದಂತೆ ನೋಡುವುದರ ಮೇಲೆ. ಮಧ್ಯಾಹ್ನ ಕಂಪ್ಯೂಟರ್ ಎಲ್ಲವನ್ನೂ ಜೋಡಿಸಿ ಮುಂದಿಟ್ಟಾಗ ಅಣ್ಣ ಚೆನ್ನಾಗಿದ್ದ, ತಮ್ಮ ಚೆನ್ನಾಗಿದ್ದ. ನಡುವೆ ಅಮ್ಮನಿಗೆ ಎರಡು ಮೂಗು, ಒಂದೂವರೆ ತಲೆ.

ಅವಳು ಆ ಎರಡು ಚಿತ್ರಗಳನ್ನು ಬೇರೆಬೇರೆಯಾಗಿ ತೆರೆದಳು. ಒಂದರಲ್ಲಿ ಅಮ್ಮ ಪೂರ್ತಿ ಅಣ್ಣನ ಕಡೆ ತಿರುಗಿದ್ದಳು. ಇನ್ನೊಂದರಲ್ಲಿ ತಮ್ಮನ ಕಡೆ. ಒಂದನ್ನು ಉಳಿಸಿಕೊಂಡರೆ ತಮ್ಮನ ಪಾಲಿಗೆ ಅಮ್ಮನ ತುರುಬು, ಇನ್ನೊಂದನ್ನು ಉಳಿಸಿಕೊಂಡರೆ ಅಣ್ಣನ ಪಾಲಿಗೆ. ಅವರಿಬ್ಬರನ್ನು ಇನ್ನೊಂದು ಸಲ ತಾರಸಿ ಹತ್ತಿಸುವುದು ಆಗಹೋಗದ ಮಾತು. ಈ ಚಿತ್ರ ಕೆಟ್ಟರೆ ಅಮ್ಮನಿಗೆ ಚಿತ್ರವೇ ಇಲ್ಲ.

ಅಷ್ಟರಲ್ಲಿ ತಮ್ಮನ ಫೋನ್. "ಅಕ್ಕಾ, ಅಮ್ಮ ಯಾರ ಕಡೆ ನೋಡಿದಾಳೆ?" ಫೋಟೋ ಹೇಗೆ ಬಂದಿದೆ ಎಂದಲ್ಲ. ಹತ್ತು ನಿಮಿಷಕ್ಕೆ ಅಣ್ಣನದೂ ಅದೇ ಪ್ರಶ್ನೆ. ಇಬ್ಬರಿಗೂ "ಇನ್ನೂ ಕೆಲಸ ಇದೆ" ಎಂದು ಹೇಳಿ, ಸಂಜೆ ಅಮ್ಮನನ್ನೇ ಸ್ಟುಡಿಯೋಗೆ ಕರೆತಂದಳು.

"ನೀನೇ ಹೇಳು. ಯಾವ ಅಮ್ಮನ್ನ ಇಟ್ಕೊಳ್ಳಲಿ?"

ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಎರಡೂ ಇಟ್ಬಿಡು. ಇಷ್ಟು ವರ್ಷ ನಾನು ಬದುಕಿದ್ದೂ ಹಾಗೇ ಅಲ್ವಾ?"

"ತಮಾಷೆ ಸಾಕು. ಯಾಕಮ್ಮ ತಿರುಗ್ದೆ?"

"ಪ್ರೀತಿ ಉಕ್ಕಿ ಏನೂ ತಿರುಗ್ಲಿಲ್ಲ ಕಣೇ. ದೊಡ್ಡೋನಿಗೆ ಹೊಟ್ಟೆ ಒಳಗೆ ಎಳ್ಕೋ ಅಂದೆ. ಚಿಕ್ಕೋನಿಗೆ ಕಾಲರ್ ಮಡಚಿಕೊಂಡಿತ್ತು, ಸರಿಮಾಡ್ಕೋ ಅಂದೆ."

ಮಾರನೇ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಬಿಸಿಲಿಗೆ, ಅಮ್ಮನಿಗೆ ಅದೇ ಸೀರೆ ಉಡಿಸಿ ಮತ್ತೆ ತಾರಸಿಗೆ ಕರೆದೊಯ್ದಳು. ಕುರ್ಚಿಯ, ಮುಕ್ಕಾಲಿಯ ಕಾಲುಗಳನ್ನು ಹಿಂದಿನ ದಿನದ ಗುರುತಿಗೆ ಸರಿಯಾಗಿ ಕೂರಿಸಿದಳು.

ಅಮ್ಮ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. "ಯಾರೂ ಇಲ್ವಲ್ಲೇ."

"ನಾನಿದೀನಿ."

"ಹಾಗಾದ್ರೆ ಎಲ್ಲಿ ನೋಡ್ಲಿ?"

"ನನ್ನ ನೋಡಮ್ಮ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಐವತ್ತು ದಾಟಿದ ಹೆಂಗಸು ಬಾಯಿಬಿಟ್ಟು ಕೇಳುವ ಮಾತೇ ಅದು! ಕ್ಯಾಮೆರಾದ ಹಿಂದೆ ತಲೆ ತಗ್ಗಿಸಿ ಮರೆಯಾಗಲು ಹೊರಟವಳು, ಯಾಕೋ ತಗ್ಗಿಸದೆ ಹಾಗೇ ನಿಂತಳು. ಅಮ್ಮ ಅವಳನ್ನು ನೋಡಿದಳು. ನೋಡುತ್ತಲೇ ಇದ್ದಳು, ಹುಬ್ಬು ಸ್ವಲ್ಪ ಮೇಲಕ್ಕೇರಿತು, ಮುಖವೆಲ್ಲ ಮೆತ್ತಗಾಯಿತು.

"ಯಾಕೇ ಇಷ್ಟು ಸೊರಗಿಹೋಗಿದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿಲ್ವಾ?"

ಸ್ಟುಡಿಯೋದವಳು ಗುಂಡಿ ಒತ್ತಿದಳು. ಕಣ್ಣು ಮಂಜಾಗಿತ್ತು, ಆದರೆ ಚಿತ್ರ ಸ್ಪಷ್ಟವಾಗಿ ಬಂತು. ಆ ಅಮ್ಮನನ್ನೇ ನಡುವೆ ಕೂರಿಸಿ ಜೋಡಿಸಿದಳು. ಹೊಲಿಗೆ ಎಲ್ಲೂ ಕಾಣಲಿಲ್ಲ. ಅಮ್ಮ ಅಚ್ಚಾಗಿ ಬಂದ ಚಿತ್ರವನ್ನು ತೊಡೆಯ ಮೇಲೆ ಹರಡಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿದಳು.

ವಾರದಲ್ಲಿ ಎರಡೂ ಅಂತಸ್ತುಗಳ ಗೋಡೆಗೆ ಒಂದೊಂದು ಪ್ರತಿ ಏರಿತು. ಅಣ್ಣ ತನ್ನ ಹಜಾರದಲ್ಲಿ ಈ ಮೂಲೆಯಿಂದ ಆ ಮೂಲೆಗೆ ನಡೆದು ಪರೀಕ್ಷಿಸಿ, "ನೋಡೇ, ಎಲ್ಲಿ ನಿಂತ್ರೂ ಅಮ್ಮ ನನ್ನನ್ನೇ ನೋಡ್ತಾಳೆ. ಅವನ ಕಡೆ ತಿರುಗಿಯೂ ನೋಡಿಲ್ಲ," ಎಂದು ಮೀಸೆಯಡಿ ನಕ್ಕ. ಸ್ಟುಡಿಯೋದವಳು ಹೌದೆಂದು ತಲೆಯಾಡಿಸಿ ಮೇಲೆ ಹೋದಳು. ಅಲ್ಲಿ ತಮ್ಮನೂ ಹಾಗೇ ನಡೆದು ನೋಡುತ್ತಿದ್ದ.

"ನನ್ನ ಮೇಲೇ ಕಣ್ಣು ಅಕ್ಕಾ! ಅವನಿಗೆ ಹೊಟ್ಟೆ ಉರೀಬೇಕು. ಅಲ್ಲ, ಅಮ್ಮನ ಮುಖ ಇಷ್ಟು ಚೆನ್ನಾಗಿ ಬಂದಿರೋದನ್ನ ನಾನು ಯಾವತ್ತೂ ನೋಡಿಲ್ಲ. ಏನಂದೆ ಅವಳಿಗೆ?"

"ನಾನೇನೂ ಅನ್ಲಿಲ್ಲ. ಅವಳೇ ಏನೋ ಕೇಳಿದ್ಲು."

"ನನ್ನ ವಿಷಯ ತಾನೇ?"

ಸ್ಟುಡಿಯೋದವಳು ಸೊಟ್ಟಗೆ ತೂಗುತ್ತಿದ್ದ ಚೌಕಟ್ಟನ್ನು ನೇರ ಮಾಡಿದಳು.

"ಅಲ್ಲ ಕಣೋ," ಎಂದಳು. "ನನ್ನ ವಿಷಯ."