ಲಾರಿಯಿಂದ ಇಳಿದವನು

ನಾಲ್ವರು ಡ್ರೈವರುಗಳು ಶವ ಎತ್ತಲು ಬಗ್ಗಿದಾಗ, ಎಲ್ಲರೂ ಮೀಸೆ ಎಂದೇ ಕರೆಯುವ ಹಳೇ ಡ್ರೈವರು ತನ್ನ ಊರುಗೋಲನ್ನು ಗೋಡೆಗೆ ಒರಗಿಸಿ ತಾನೂ ಕೈಹಾಕಲು ಹೋದ.

"ನೀನು ಬಿಡಣ್ಣ. ಇರೋ ಒಂದು ಕಾಲಲ್ಲಿ ಎಲ್ಲಿ ಜಾರ್ತೀಯೋ," ಎಂದ ನಾಲ್ವರಲ್ಲೊಬ್ಬನಾದ ಡುಮ್ಮ. ಶವ ಸಾಗಿಸಲು ಅವನದೇ ಲಾರಿ ಬಾಗಿಲಲ್ಲಿ ನಿಂತಿತ್ತು.

"ಸ್ವಲ್ಪ ತಡೀರಿ. ಮಗಳು ಈಗ ಬಂದಿಳಿದಿದಾಳೆ, ಮುಖ ತೊಳೆದು ಬರ್ಲಿ," ಎಂದಳು ಸತ್ತವನ ಹೆಂಡತಿ.

ನಾಲ್ವರೂ ಹೊರಗೆ ಹೋದರು. ಅಂಗಳದಲ್ಲಿ ಯಾರೋ ಪಿಸುಗುಟ್ಟಿದ್ದು ಒಳಗೂ ಕೇಳಿಸಿತು: "ನಮ್ಮ ಪುಕ್ಕಲ ನೋಡು, ಸಾಯೋಕೂ ಅವಸರ ಮಾಡ್ಲಿಲ್ಲ." ಒಂದಿಬ್ಬರು ನಗು ನುಂಗಿಕೊಂಡರು.

"ಇಪ್ಪತ್ತೆರಡು ವರ್ಷದಿಂದ ಕೇಳ್ತಿದೀನಿ ಈ ಹೆಸರು," ಎಂದಳು ಅವಳು. "ಇಟ್ಟೋರು ಯಾರಣ್ಣ?"

ಮೀಸೆ ಸತ್ತ ಗೆಳೆಯನ ಮುಖ ನೋಡಿದ. "ನಾನೇ ಕಣಮ್ಮ."

*

ಅಂದು ಸಿಮೆಂಟು ತುಂಬಿದ ಲಾರಿ ಯಾರ್ಡಿನಿಂದ ಹೊರಟು ಘಾಟಿ ಇಳಿಯಬೇಕಿತ್ತು. ಗೆಳೆಯ ಏರಿ ಕೂತು ಬ್ರೇಕ್ ತುಳಿದವನೇ ಬಾಗಿಲು ತೆಗೆದು ಇಳಿದುಬಿಟ್ಟ.

"ಬ್ರೇಕ್ ಹಿಡೀತಿಲ್ಲ ಕಣೋ," ಎಂದ ಮೀಸೆಯ ಹತ್ತಿರ ಬಂದು. "ಬಾ, ಮ್ಯಾನೇಜರಿಗೆ ಹೇಳೋಣ. ನಂಗೆ ಹೆದರಿಕೆ ಆಗ್ತಿದೆ."

"ಗೇರಲ್ಲಿ ಇಳಿಸಿದ್ರಾಯ್ತು ಬಿಡೋ," ಎಂದು ಮೀಸೆ ಕೀ ಕಿತ್ತುಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಿದ: "ಲಾರಿ ಓಡ್ಸೋಕೆ ಹೆದರಿಕೆಯಂತೆ ಪುಕ್ಕಲಂಗೆ!"

ಯಾರ್ಡಿಗೆ ಯಾರ್ಡೇ ಗೊಳ್ಳೆಂದಿತು. ಗೆಳೆಯ ಲಾರಿಗೆ ಅಡ್ಡ ನಿಂತು ಕೈಬೀಸಿ ಏನೋ ಹೇಳುತ್ತಿದ್ದ. ಅವನು ಸರಿಯುವವರೆಗೂ ಮೀಸೆ ಹಾರನ್ ಒತ್ತಿ ಹಿಡಿದ.

ಮೂರನೇ ತಿರುವಿನಲ್ಲಿ ಎದುರಿಗೆ ಬೈಕು ಬಂತು. ಅದರಲ್ಲಿದ್ದ ಗಂಡ ಹೆಂಡತಿ ಇಬ್ಬರೂ ಉಳಿಯಲಿಲ್ಲ.

ಆಸ್ಪತ್ರೆಗೆ ಬಂದ ಗೆಳೆಯನಿಗೆ ಮೀಸೆ ಹೇಳಿದ, "ಬ್ರೇಕ್ ದಾರೀಲಿ ಹೋಯ್ತು ಅಂತ ಪೊಲೀಸರ ಹತ್ರ ಬರೆಸಿದೀನಿ." ಹೊದಿಕೆಯಡಿ ಕಾಲಿಲ್ಲದ ಜಾಗವನ್ನು ನೋಡುತ್ತಾ ಗೆಳೆಯ ಬಹಳ ಹೊತ್ತು ಕೂತ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಅವನಿಗೆ ಮತ್ತೆ ಯಾರೂ ದೂರದ ಲೋಡು ಕೊಡಲಿಲ್ಲ. ಯಾರ್ಡಿನ ಗೇಟು ಕಾಯುತ್ತಲೇ ಮುದುಕನಾದ.

*

"ಕೇಳಿದಾಗೆಲ್ಲ, 'ಹೆದರಿಕೆ ಆಯ್ತು, ಇಳಿದೆ' ಅಂತಿದ್ರು, ಅಷ್ಟೇ," ಎಂದಳು ಅವಳು. "ಜಗಳ ಬಂದಾಗ ನಾನೂ ಹಂಗೇ ಕರೆದಿದೀನಿ ಅಣ್ಣ."

ಮೀಸೆ ಊರುಗೋಲಿಗೆ ಕೈಚಾಚಿದ.

"ನನಗೆ ಹೇಳಿದ್ದು ಸಾಲಲ್ಲ. ಹೊರಗೆ ಹೋಗಿ ಹೇಳಿ. ಅವ್ರನ್ನ ಎತ್ತೋಕೆ ಮುಂಚೆ."

ಅವನು ಹೊಸ್ತಿಲು ದಾಟಿದ. ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತೇನೋ, ಯಾರೂ ಬಯ್ಯಲಿಲ್ಲ. "ಅವತ್ತು ನಾನೂ ನಕ್ಕಿದ್ದೆ," ಎಂದು ಹಳಬನೊಬ್ಬ ಮುಖ ತಿರುಗಿಸಿದ.

ಅಷ್ಟರಲ್ಲಿ ಮಗಳು ಬಂದಳು. ನಾಲ್ವರೂ ಒಳಗೆ ಹೋಗಬೇಕಿತ್ತು, ಆದರೆ ಡುಮ್ಮ ಕದಲಲಿಲ್ಲ.

"ಒಂದು ನಿಮಿಷ. ಬ್ರೇಕ್ ನೋಡಿಬಿಡ್ತೀನಿ," ಎಂದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ನೆಲದ ಮೇಲೆ ಅಂಗಾತ ಮಲಗಿ ಲಾರಿಯಡಿಗೆ ತೂರಿಕೊಂಡ. ಬಂದವರೆಲ್ಲ ಸುತ್ತ ನಿಂತರು. ಹೊತ್ತಾಯಿತೆಂದು ಯಾರೂ ಅನ್ನಲಿಲ್ಲ. ಚಕ್ರಗಳ ನಡುವೆ ಡುಮ್ಮನ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು.