ಮೂರನೇ ಸಲ ಕೇಳಿದಾಗ

ಗುಬ್ಬಿಗೆ ‘ಗೊತ್ತಿಲ್ಲ’ ಎನ್ನುವ ಉತ್ತರ ಇರಲಿಲ್ಲ. ಐದು ವರ್ಷದ ಮಗುವಿಗೆ ಬೇಕಾದ ಮಿಕ್ಕ ಮಾತುಗಳೆಲ್ಲ ಇದ್ದವು, ಬೇಡದವೂ ಒಂದಷ್ಟು ಇದ್ದವು. ಈ ಒಂದು ಮಾತನ್ನು ಮಾತ್ರ ಅವಳ ಅಮ್ಮ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ.

“ಚಪ್ಪಲಿ ಎಲ್ಲಿ ಬಿಟ್ಟೆ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೇನೇ? ನಿನ್ನ ಕಾಲು, ನಿನ್ನ ಚಪ್ಪಲಿ. ಪಕ್ಕದ ಮನೆಯೋರನ್ನ ಕೇಳ್ಲಾ?”

ಎರಡು ಸಲ ಹೀಗಾದರೆ ಮೂರನೇ ಸಲಕ್ಕೆ ಗುಬ್ಬಿ ಏನಾದರೊಂದು ಹೇಳುತ್ತಿದ್ದಳು. ಮಂಚದ ಕೆಳಗೆ ಅನ್ನುವಳು, ಬಾಗಿಲ ಹಿಂದೆ ಅನ್ನುವಳು. ಹೇಳಿದ ಕೂಡಲೇ ಬೈಗುಳ ನಿಂತು ಅಮ್ಮ ಹುಡುಕಲು ಹೋಗುತ್ತಿದ್ದಳು. ಇದರಿಂದ ಗುಬ್ಬಿ ಕಲಿತದ್ದು ಇಷ್ಟು: ಅಮ್ಮ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮೊದಲು ಹೇಳಿದ್ದು ತಪ್ಪು. ಬೇರೆ ಏನಾದರೂ ಹೇಳಬೇಕು.

ಅಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಾಲರಿನಿಂದ ಅಂಚಿನವರೆಗೆ ಹೊಲಿಗೆಯ ಮೇಲೆ ಕಣ್ಣಾಡಿಸಿ, ಇಂಚು ಟೇಪು ಹಿಡಿದು, ಸರಿ ಇದ್ದರೆ ಬಲಕ್ಕೆ, ತಪ್ಪಿದ್ದರೆ ಎಡಕ್ಕೆ ಎಸೆಯುವುದು ಅವಳ ಕೆಲಸ. ಕಾರ್ಖಾನೆಯ ನೆಲಮಹಡಿಯಲ್ಲಿ ಮಕ್ಕಳ ಕೋಣೆ ಇತ್ತು. ಗುಬ್ಬಿಯನ್ನೂ ಹತ್ತು ತಿಂಗಳ ಗುಂಡನನ್ನೂ ಬೆಳಿಗ್ಗೆ ಅಲ್ಲಿ ಬಿಟ್ಟು ಅವಳು ಮಹಡಿ ಹತ್ತುತ್ತಿದ್ದಳು. ಹದಿಮೂರರ ದೊಡ್ಡವಳು ಶಾಲೆಗೆ ಹೋಗುತ್ತಿದ್ದಳು.

ಮಕ್ಕಳ ಕೋಣೆಯಲ್ಲಿದ್ದವಳು ಆಯಮ್ಮ. ಒಂಬತ್ತು ವರ್ಷದಿಂದ ಅಲ್ಲೇ. ದಪ್ಪ ದನಿ, ಮೊಣಕಾಲು ನೋವು, ಹದಿನಾಲ್ಕು ಮಕ್ಕಳು. ಸಂಜೆ ತಾಯಂದಿರು ಬಂದಾಗ ಊಟ ನಿದ್ದೆಯ ವರದಿಯ ಜೊತೆ ಬೇರೊಂದು ವರದಿಯನ್ನೂ ಕೊಡುತ್ತಿದ್ದಳು.

“ನಿನ್ನ ಗುಂಡ ಈಗ ಹುಡುಕಕ್ಕೆ ಶುರು ಮಾಡಿದಾನೆ ಕಣಮ್ಮ,” ಎಂದು ಒಂದು ಸಂಜೆ ಹೇಳಿದಳು. “ಹೋದ ತಿಂಗಳವರೆಗೂ ಗಿಲಕಿ ಕೈಯಿಂದ ಬಿದ್ರೆ ಮುಗೀತು, ಅದು ಈ ಲೋಕದಲ್ಲೇ ಇಲ್ಲ. ಈಗ ಬಿದ್ದದ್ದು ಎಲ್ಲೋ ಇದೆ ಅಂತ ಗೊತ್ತಾಗಿದೆ. ಬೀಳಿಸ್ತಾನೆ, ಬಗ್ಗಿ ನೋಡ್ತಾನೆ. ನನ್ನ ಸೊಂಟ ಬಿದ್ದುಹೋಯ್ತು ಎತ್ತಿಕೊಟ್ಟು.”

“ಹಟ ಜಾಸ್ತಿ ಆಗಿದೆ ಅನ್ನಿ,” ಎಂದು ಚೆಕ್ಕರ್ ನಕ್ಕು ಮಗುವನ್ನು ಎತ್ತಿಕೊಂಡು ಹೊರಟಳು. ಬಸ್ಸು ಹಿಡಿಯಬೇಕಿತ್ತು.

ಅದಾದ ವಾರಕ್ಕೆ, ಒಂದು ಗುರುವಾರ ಸಂಜೆ, ಗುಂಡನ ಅಂಗಿ ಬದಲಿಸುವಾಗ ಅವಳಿಗೆ ಅವನ ಎದೆಯ ಮೇಲೆ ಎರಡು ನೀಲಿ ಗೆರೆ ಕಂಡವು. ಅಕ್ಕಪಕ್ಕ, ನೆಟ್ಟಗೆ, ಹೊಲಿಗೆ ಹಾಕಿದಂತೆ. ಮುಟ್ಟಿದರೆ ಮಗು ಮುಖ ಹಿಂಡಿತು.

“ಗುಬ್ಬೀ, ಬಾರೇ ಇಲ್ಲಿ. ಗುಂಡನಿಗೆ ಏನಾಯ್ತು?”

“ಏನೂ ಇಲ್ಲ.”

“ಸರಿಯಾಗಿ ಯೋಚ್ನೆ ಮಾಡಿ ಹೇಳು. ಯಾರು ಏನು ಮಾಡಿದ್ರು?”

“ಯಾರೂ ಇಲ್ಲ.”

“ಇಷ್ಟು ದೊಡ್ಡ ಗೆರೆ ತಾನಾಗೇ ಬಂತಾ? ನೀನು ಅಲ್ಲೇ ಇದ್ದೆ ತಾನೇ? ಆಯಮ್ಮ ಹೊಡೆದ್ರಾ?”

ಗುಬ್ಬಿ ಅಮ್ಮನ ಮುಖ ನೋಡಿದಳು. ಅಮ್ಮನ ಕಣ್ಣು ತುಂಬಿತ್ತು. “ಹೂಂ,” ಎಂದಳು.

ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ಕೈಯಲ್ಲಾ, ಕೋಲಲ್ಲಾ? ಕೋಲಲ್ಲಿ. ಅಪ್ಪ ಬಂದು ಕೇಳಿದಾಗ ಕೋಲು ಉದ್ದವಾಗಿತ್ತು. ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಹೊಲಿಗೆ ಲೈನಿನ ಹೆಂಗಸರು ಸುತ್ತುವರಿದು ಕೇಳಿದಾಗ ಅದಕ್ಕೆ ಕೆಂಪು ಬಣ್ಣ ಬಂತು. ವೆಲ್‌ಫೇರ್ ಆಫೀಸರರ ಮೇಜಿನ ಮುಂದೆ ನಿಂತಾಗ ಗುಬ್ಬಿ ತಡವರಿಸಲೇ ಇಲ್ಲ.

ಆಫೀಸರ್ ಕೆಟ್ಟವರಲ್ಲ. ಆಯಮ್ಮನನ್ನು ಕರೆಸಿ ಕೂರಿಸಿಯೇ ಕೇಳಿದರು.

“ಕೋಲಾ? ಆ ಕೋಣೇಲಿ ಕೋಲೇ ಇಲ್ಲ ಸಾರ್. ಬಂದು ನೋಡಿ,” ಎಂದಳು ಆಯಮ್ಮ. “ಕೂಸು ಕಂಬಿ ಮಂಚದಲ್ಲಿರುತ್ತೆ. ಆಟಿಕೆ ಆಚೆ ಹಾಕುತ್ತೆ, ಆಮೇಲೆ ಅದನ್ನ ಹಿಡಿಯಕ್ಕೆ ಎದೆ ಕೊಟ್ಟು ಕಂಬಿಗೆ ಗುದ್ದುತ್ತೆ. ನಿನ್ನೆ ಮೂರು ಕೂಸಿಗೆ ಭೇದಿ. ನಾನು ಬಟ್ಟೆ ಬದಲಿಸ್ತಾ ಇದ್ದೆ, ಇವನ ಗಿಲಕಿ ಎತ್ತಿಕೊಡಕ್ಕೆ ಆಗಲಿಲ್ಲ. ಅದು ನನ್ನ ತಪ್ಪು, ಬರ್ಕೊಳ್ಳಿ. ಹೊಡೆದಿಲ್ಲ.”

“ಹತ್ತು ತಿಂಗಳ ಮಗು ತನ್ನನ್ನ ತಾನೇ ಗಾಯ ಮಾಡ್ಕೊಳ್ತಾ?” ಎಂದಳು ಚೆಕ್ಕರ್. “ಐದು ವರ್ಷದ ಮಗು ಕೆಂಪು ಕೋಲು ಅಂತ ಹೇಳ್ತಿದೆಯಲ್ಲಾ, ಅದನ್ನ ಅದಕ್ಕೆ ಯಾರು ಹೇಳಿಕೊಟ್ರು?”

ಆಯಮ್ಮ ಕುರ್ಚಿಯಲ್ಲೇ ತಿರುಗಿದಳು. ಗುಬ್ಬಿಯತ್ತ ನೋಡಿದಳು. ಗುಬ್ಬಿ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ನೋಡುತ್ತಿದ್ದಳು.

“ನಾನು ತಪ್ಪಿದರೆ ನಾಳೆ ಇನ್ನೊಂದು ಮಗುವಿಗೆ ಪೆಟ್ಟು ಬೀಳುತ್ತೆ,” ಎಂದರು ಆಫೀಸರ್. “ಅನುಮಾನ ಬಂದಾಗ ನಾನು ಮಗುವಿನ ಪರ ನಿಲ್ಲಬೇಕು. ಬೇಜಾರು ಮಾಡ್ಕೋಬೇಡಿ.”

ದೂರಿನ ನಮೂನೆಯಲ್ಲಿ ಗಾಯದ ಅಳತೆ ಎಂಬ ಕಾಲಂ ಇತ್ತು. ಚೆಕ್ಕರ್ ಕೊರಳಲ್ಲಿದ್ದ ಟೇಪನ್ನೇ ತೆಗೆದು ಕಂಕುಳಲ್ಲಿದ್ದ ಗುಂಡನ ಎದೆಗೆ ಹಿಡಿದು ಅಳೆದಳು. ಎರಡು ಗೆರೆ, ತಲಾ ಎರಡಿಂಚು ಉದ್ದ, ನಡುವೆ ಎರಡೂಕಾಲು ಇಂಚು. ಮಧ್ಯಾಹ್ನದ ಊಟದ ಗಂಟೆಗೆ ಮೊದಲೇ ಆಯಮ್ಮ ತನ್ನ ಟಿಫಿನ್ ಡಬ್ಬಿ ಎತ್ತಿಕೊಂಡು ಗೇಟು ದಾಟಿದ್ದಳು.

ಹೊಸದಾಗಿ ಬಂದ ಹುಡುಗಿ ಮಕ್ಕಳನ್ನು ಸಾಲಾಗಿ ಕೂರಿಸಿ ಮೊಬೈಲಿನಲ್ಲಿ ಕಾರ್ಟೂನ್ ಹಾಕುತ್ತಿದ್ದಳು. ಕೋಣೆ ತಣ್ಣಗಿತ್ತು. ಸಂಜೆ ಯಾವ ವರದಿಯೂ ಇರಲಿಲ್ಲ. “ಎಲ್ಲಾ ಆರಾಮಾಗಿದ್ರು ಅಕ್ಕಾ,” ಅಷ್ಟೆ.

ಗುಂಡನ ಎದೆಯ ಗೆರೆಗಳು ಹಳದಿಯಾಗಿ ಅಳಿಸಿಹೋದವು. ಮೂರು ವಾರ ಕಳೆಯಿತು.

ಆ ಭಾನುವಾರ ಚೆಕ್ಕರ್ ಬಟ್ಟೆ ಮಡಿಸುತ್ತಿದ್ದಳು. ದೊಡ್ಡವಳು ಗುಂಡನನ್ನು ನೋಡಿಕೊಳ್ಳುತ್ತಿದ್ದಳು. ಗುಂಡ ಕುರ್ಚಿಯ ಮೇಲೆ ನಿಂತು, ಅದರ ಬೆನ್ನಿನ ಮರದ ಪಟ್ಟಿಗಳ ನಡುವಿನಿಂದ ಚಮಚವನ್ನು ಆಚೆಗೆ ಬೀಳಿಸಿದ. ಬಗ್ಗಿ ನೋಡಿದ. ಆಮೇಲೆ ಒಂದು ಕೈಯನ್ನು ಪಟ್ಟಿಗಳ ನಡುವೆ ತೂರಿಸಿ, ಎದೆಯನ್ನು ಮರಕ್ಕೆ ಒತ್ತಿ ಒತ್ತಿ, ಮುಖ ಕೆಂಪಾಗುವವರೆಗೆ ಚಾಚಿದ. ದೊಡ್ಡವಳು ಚಮಚ ಎತ್ತಿಕೊಟ್ಟಳು. ಅವನು ಮತ್ತೆ ಬೀಳಿಸಿದ. ಈ ಸಲ ಅವಳು ಎತ್ತಿಕೊಡಲಿಲ್ಲ. ಒಂದೆರಡು ನಿಮಿಷ ನೋಡಿ ಅವನನ್ನು ಇಳಿಸಿಕೊಂಡು ಅಂಗಿ ಮೇಲೆತ್ತಿದಳು.

“ಅಮ್ಮಾ, ಇಲ್ಲಿ ನೋಡು.”

ಎರಡು ಗೆರೆ. ಇನ್ನೂ ಕೆಂಪು.

“ಆಟ ಆಡಿಸೇ ಅಂದ್ರೆ ಮಗೂನ ಕುರ್ಚಿಗೆ ಉಜ್ಜುತಾ ಇದೀಯಲ್ಲೇ!”

“ಅಮ್ಮಾ, ಒಂದು ನಿಮಿಷ. ಕೋಲಲ್ಲಿ ಹೊಡೆದಿದ್ರೆ ಎರಡನೇ ಏಟು ಹಿಂಗೆ ಸಮಕ್ಕೆ ಪಕ್ಕದಲ್ಲೇ ಬೀಳತ್ತಾ? ಮಗು ಒದ್ದಾಡಲ್ವಾ? ಕಂಬಿದಾಗಿದ್ರೆ ಮಾತ್ರ...”

“ಶುರುವಾಯ್ತು. ಇದ್ರೆ, ಆಗಿದ್ರೆ, ಹೋಗಿದ್ರೆ. ನಿಂಗೆ ಹದಿಮೂರು ತುಂಬಿದ ಮೇಲೆ ಈ ಮನೇಲಿ ಒಂದು ಮಾತೂ ನೆಟ್ಟಗೆ ಮುಗಿದಿಲ್ಲ.”

“ದೂರಿನ ಕಾಪಿ ಟ್ರಂಕಲ್ಲಿದೆ. ಎರಡೂಕಾಲು ಇಂಚು ಅಂತ ನೀನೇ ಬರೆದಿದ್ದೀಯ. ಆ ಮಂಚದ ಕಂಬಿಗಳ ನಡುವೆ ಎಷ್ಟಿದೆ ಅಂತ ಅಳೆದಿದ್ದೀಯಾ?”

ಅಳೆದಿರಲಿಲ್ಲ.

“ಮತ್ತೆ ಗುಬ್ಬಿ ಹೇಳಿದ್ದು? ಕೆಂಪು ಕೋಲು ಅಂತ ಎಲ್ಲರ ಮುಂದೆ ಹೇಳಿದ್ಲಲ್ಲಾ?”

ದೊಡ್ಡವಳು ಗುಂಡನನ್ನು ಕೆಳಗೆ ಬಿಟ್ಟಳು. ಆಮೇಲೆ ಮಡಿಸಿದ ಬಟ್ಟೆಯಿಂದ ಗುಂಡನ ಹಳದಿ ಅಂಗಿಯನ್ನು ತೆಗೆದು, ಗೋಡೆಗೆ ಬರೆಯುತ್ತಿದ್ದ ಗುಬ್ಬಿಯ ಮುಂದೆ ಹಿಡಿದಳು.

“ಗುಬ್ಬಿ, ಇದು ಯಾವ ಬಣ್ಣ?”

“ಹಳದಿ.”

“ಸರಿಯಾಗಿ ನೋಡು. ಯಾವ ಬಣ್ಣ?”

ಗುಬ್ಬಿ ಅಂಗಿ ನೋಡಿದಳು. ಅಕ್ಕನ ಮುಖ ನೋಡಿದಳು. “ಹಳದಿ?”

“ಯೋಚ್ನೆ ಮಾಡಿ ಹೇಳೇ. ಯಾವ ಬಣ್ಣ ಇದು?” ದೊಡ್ಡವಳ ದನಿ ಥೇಟ್ ಅಮ್ಮನ ದನಿಯಾಗಿತ್ತು.

“ಹಸಿರು,” ಎಂದಳು ಗುಬ್ಬಿ.

ಅಂಗಿ ಅವಳ ಮೂಗಿನ ಮುಂದೆಯೇ ಇತ್ತು.

ಚೆಕ್ಕರ್ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಚೆಕಿಂಗ್ ಟೇಬಲ್ಲಿಗೆ ಸೇರಿದ ಮೊದಲ ದಿನ ಹಳೆಯ ಚೆಕ್ಕರ್ ಅವಳಿಗೆ ಹೇಳಿಕೊಟ್ಟದ್ದು ಒಂದೇ ನಿಯಮ. ಒಂದು ಪೀಸನ್ನು ಒಂದೇ ಸಲ ನೋಡು. ಅದನ್ನೇ ನಾಲ್ಕು ಸಲ ತಿರುಗಿಸಿದರೆ ನಾಲ್ಕನೇ ಸಲಕ್ಕೆ ಇಲ್ಲದ ತಪ್ಪು ಕಾಣುತ್ತದೆ. ಅನುಮಾನ ಬಂದರೆ ಇನ್ನೊಬ್ಬಳ ಕೈಗೆ ಕೊಡು, ಆದರೆ ನಿನ್ನ ಅನುಮಾನ ಏನೆಂದು ಹೇಳಬೇಡ. ಹೇಳಿದರೆ ಅವಳಿಗೂ ಅದೇ ಕಾಣುತ್ತದೆ. ಹನ್ನೆರಡು ವರ್ಷದಿಂದ ಅವಳು ಅಂಗಿಗಳ ವಿಷಯದಲ್ಲಿ ಆ ನಿಯಮ ಮುರಿದಿರಲಿಲ್ಲ.

ಸೋಮವಾರ ಊಟದ ಬಿಡುವಿನಲ್ಲಿ ಅವಳು ಮಕ್ಕಳ ಕೋಣೆಗೆ ಹೋಗಿ ಕಂಬಿ ಮಂಚಕ್ಕೆ ಟೇಪು ಹಿಡಿದಳು. ಎರಡೂಕಾಲು. ಬೇರೆ ಕಡೆ ಹಿಡಿದಳು. ಎರಡೂಕಾಲು. ಮೂರನೇ ಸಲ ಅಳೆಯಲಿಲ್ಲ.

“ಬಿಡೇ, ಆದದ್ದಾಯ್ತು,” ಎಂದು ಗಂಡ ಹಿಂದಿನ ಸಂಜೆಯೇ ಹೇಳಿದ್ದ. ಅವನು ವೆಲ್ಡರ್, ಜಗಳಕ್ಕೆ ಹೋಗುವವನಲ್ಲ. “ಆಯಮ್ಮಂಗೆ ಎಲ್ಲೋ ಕೆಲಸ ಸಿಕ್ಕಿರುತ್ತೆ. ಈಗ ನೀನು ಹೋಗಿ ಬಾಯಿ ಬಿಟ್ರೆ ನಿನ್ನ ಕೆಲಸಕ್ಕೇ ಕುತ್ತು.”

“ನನ್ನ ಟೇಬಲ್ಲಿಂದ ತಪ್ಪು ಪೀಸ್ ಪಾಸಾದ್ರೆ ನಾನೇ ಹೋಗಿ ವಾಪಸ್ ತರಬೇಕು,” ಎಂದಿದ್ದಳು ಅವಳು. “ಇದು ನನ್ನ ಟೇಬಲ್ಲಿಂದಲೇ ಹೋಗಿದ್ದು.”

ವೆಲ್‌ಫೇರ್ ಆಫೀಸರ್ ಊಟದ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು.

“ಫೈಲು ಮುಗಿದಿದೆಯಮ್ಮ. ನಿಮ್ಮ ಮಗಳೇ ಹೇಳಿದ್ದಲ್ವಾ?”

“ಹೇಳಿದ್ದಲ್ಲ ಸಾರ್. ನಾನು ಹೇಳಿಸಿದ್ದು.”

“ಬೇಕಂತ ಮಾಡಿಲ್ಲವಲ್ಲ ನೀವು.”

“ಇಲ್ಲ. ಆದ್ರೆ ಮಾಡಿದ್ದೇನೆ. ಅವಳು ಎರಡು ಸಲ ಯಾರೂ ಇಲ್ಲ ಅಂದ್ಲು. ಅದನ್ನ ನಾನು ದೂರಲ್ಲಿ ಬರೀಲಿಲ್ಲ.”

“ಈಗ ದೂರು ವಾಪಸ್ ಅಂದ್ರೆ ಸುಳ್ಳು ದೂರು ಅಂತ ನಿಮಗೇ ನೋಟಿಸ್ ಬರಬಹುದು. ಸರ್ವಿಸ್ ರೆಕಾರ್ಡಲ್ಲಿ ಉಳಿಯುತ್ತೆ. ಯೋಚ್ನೆ ಮಾಡಿ ಹೇಳಿ.”

ಆ ಮಾತಿಗೆ ಅವಳಿಗೆ ನಗು ಬರುವಂತಾಯಿತು. “ಯೋಚ್ನೆ ಮಾಡೇ ಬಂದಿದ್ದೀನಿ ಸಾರ್. ಇನ್ನೊಂದ್ಸಲ ಕೇಳಿದ್ರೂ ಇದೇ ಹೇಳ್ತೀನಿ. ಒಂದು ಹಾಳೆ ಕೊಡಿ.”

ಅವಳು ಬರೆದಳು. ಗುಬ್ಬಿ ಮೊದಲು ಹೇಳಿದ್ದನ್ನು ಮೊದಲು, ಆಮೇಲೆ ಹೇಳಿದ್ದನ್ನು ಆಮೇಲೆ, ತಾನು ಕೇಳಿದ ಪ್ರಶ್ನೆಗಳನ್ನೂ ಬಿಡದೆ. ಅದನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ಟೇಪನ್ನೂ ಇಟ್ಟಳು. ಆಫೀಸರ್ ಬಂದು ತಾವೇ ಅಳೆಯುವವರೆಗೆ ಟೇಪು ಅಲ್ಲೇ ಇರಲಿ, ತಾನು ಇಲ್ಲೇ ನಿಂತಿರುತ್ತೇನೆ ಎಂದಳು. ಮಹಡಿಯ ಮೇಲೆ ಅವಳ ಟೇಬಲ್ಲಿನಲ್ಲಿ ಅಂಗಿಗಳು ರಾಶಿಯಾದವು. ಸೂಪರ್‌ವೈಸರ್ ಎರಡು ಸಲ ಹೇಳಿಕಳಿಸಿದ. ಮುಕ್ಕಾಲು ಗಂಟೆಯ ಮೇಲೆ ಆಫೀಸರ್ ಎದ್ದು ಅವಳ ಜೊತೆ ನೆಲಮಹಡಿಗೆ ಬಂದರು, ಮಂಚದ ಮುಂದೆ ಕುಕ್ಕರಗಾಲಲ್ಲಿ ಕೂತು ಅಳೆದರು. ಎರಡು ದಿನಕ್ಕೆ ಎರಡು ಕಾಗದ ಹೊರಬಿದ್ದವು: ಚೆಕ್ಕರಿಗೆ ನೋಟಿಸು, ಆಯಮ್ಮನಿಗೆ ಮರಳಿ ಬರುವಂತೆ ಪತ್ರ.

ಪತ್ರವನ್ನು ತಾನೇ ತಲುಪಿಸುತ್ತೇನೆಂದು ಅವಳು ಕೇಳಿ ಪಡೆದಳು. ಭಾನುವಾರ ಗುಬ್ಬಿಯ ಕೈ ಹಿಡಿದು ಹೋದಳು. ಒಂದೇ ಕೋಣೆಯ ಮನೆ. ಆಯಮ್ಮ ನೆಲದ ಮೇಲೆ ಕೂತು ಅಂಗಡಿಗೆ ಕೊಡಲು ಕಾಗದದ ಪೊಟ್ಟಣ ಅಂಟಿಸುತ್ತಿದ್ದಳು. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಪತ್ರ ಓದಿ ಮಡಿಸಿ ಮೊಣಕಾಲ ಕೆಳಗಿಟ್ಟುಕೊಂಡಳು.

“ತಪ್ಪು ನಂದು ಅಕ್ಕಾ,” ಎಂದಳು ಚೆಕ್ಕರ್. “ಗುಬ್ಬೀದಲ್ಲ. ನೋಟಿಸ್ ಬೋರ್ಡಿಗೂ ಅದನ್ನೇ ಬರೆದು ಅಂಟಿಸಿದೀನಿ. ಬನ್ನಿ.”

“ಓದಿದೋರು ಬಂದು ಹೇಳಿದ್ರು.” ಆಯಮ್ಮ ಒಂದು ಪೊಟ್ಟಣದ ಅಂಚನ್ನು ಒತ್ತಿ ಹಿಡಿದಳು. “ಕೋಪ ಇತ್ತು ಕಣಮ್ಮ, ಈಗ ಅಷ್ಟಿಲ್ಲ. ಆದ್ರೆ ಬರಕ್ಕಾಗಲ್ಲ. ಮೊನ್ನೆ ಈ ಬೀದೀಲಿ ಒಂದು ಕೂಸು ಎಡವಿ ಬಿತ್ತು. ಎತ್ತಿಕೊಳ್ಳಕ್ಕೆ ಕೈ ಹೋಯ್ತು, ಅರ್ಧಕ್ಕೇ ನಿಂತ್ಬಿಡ್ತು. ಯಾರಾದ್ರೂ ನೋಡ್ತಿದಾರಾ ಅಂತ ಮೊದಲು ಸುತ್ತ ನೋಡಿದೆ. ಕೂಸು ಬಿದ್ದಾಗ ಸುತ್ತ ನೋಡೋಳು ಆಯಾ ಕೆಲಸಕ್ಕೆ ಬರಲ್ಲ.”

ಚೆಕ್ಕರ್ ಗುಬ್ಬಿಯ ಕೈ ಬಿಟ್ಟು ನೆಲದ ಮೇಲೆ ಕೂತಳು.

ಆಯಮ್ಮ ಅಂಟು ಕೈಯನ್ನು ಸೆರಗಿಗೆ ಒರೆಸಿಕೊಂಡು ಗುಬ್ಬಿಯತ್ತ ತಿರುಗಿದಳು. ಬೈಯುವ ದನಿಯಲ್ಲ, ಸುಮ್ಮನೆ ತಿಳಿದುಕೊಳ್ಳುವ ದನಿಯಲ್ಲಿ ಕೇಳಿದಳು. “ಗುಬ್ಬೀ, ಅವತ್ತು ನಾನು ಗುಂಡನಿಗೆ ಹೊಡೆದ್ನಾ?”

ಗುಬ್ಬಿ ಎಂದಿನಂತೆ ಅಮ್ಮನ ಮುಖ ಹುಡುಕಿದಳು. ಚೆಕ್ಕರ್ ಎದ್ದು ಗೋಡೆಯ ಕಡೆ ತಿರುಗಿ ನಿಂತಳು. ಮಗುವಿಗೆ ಈಗ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಗೋಡೆಯಲ್ಲಿ ಒಂದು ಮೊಳೆ ಇತ್ತು. ಅವಳು ಅದನ್ನೇ ನೋಡುತ್ತ ನಿಂತಳು.

“ಗೊತ್ತಿಲ್ಲ,” ಎಂದಳು ಗುಬ್ಬಿ.

ಅದು ನಿಜವಾಗಿತ್ತು. ಕೇಳಿ ಕೇಳಿ ಕೆಂಪು ಕೋಲು ಅವಳ ತಲೆಯೊಳಗೆ ಬಂದು ಕೂತಿತ್ತು. ಯಾವುದು ಕಂಡದ್ದು, ಯಾವುದು ಹೇಳಿದ್ದು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ.

“ಆಯ್ತು ಪುಟ್ಟಿ,” ಎಂದಳು ಚೆಕ್ಕರ್. ಮತ್ತೆ ಕೇಳಲಿಲ್ಲ.

ಕೈತಪ್ಪಿ ಹೋದದ್ದು ಇಷ್ಟು. ಆಯಮ್ಮನಿಗೆ ಒಂಬತ್ತು ವರ್ಷದ ಕೆಲಸ. ಕೋಣೆಯ ಹದಿನಾಲ್ಕು ಮಕ್ಕಳಿಗೆ ಆಯಮ್ಮ. ಗುಬ್ಬಿಗೆ ಒಂದು ಗುರುವಾರದ ನೆನಪು.