ಕಂಬಳಿಗೆ ಎರೆದ ಹಾಲು

2025ರ ಜುಲೈ 30, ಬುಧವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಲೀಡ್ಸ್‌ನಲ್ಲಿ ವಿಚಾರಸಂಕಿರಣ ಮುಗಿಸಿ ಸೆಲ್ಲಿ ಓಕ್‌ನ ಬಾಡಿಗೆ ಮನೆಗೆ ಮರಳಿದ ಅಹಲ್ಯಾ, ಚೀಲ ಇಳಿಸಿ, ಕೈ ತೊಳೆದು, ಗಾಜಿನ ಗೂಡಿನ ಬೀಗ ತೆಗೆದಳು. ಬಾಗಿಲು ಸರಿಸಿದ್ದೇ ತಡ, ಕಂಬಳಿ ಅವಳ ಮೇಲೆರಗಿತು.

ಕಚ್ಚಲಿಲ್ಲ. ಬಾಯಿ ಮುಚ್ಚಿಕೊಂಡೇ ಮೂತಿಯಿಂದ ಕೈಗೆ ಗುದ್ದಿ ಹಿಂದೆ ಸರಿಯಿತು.

ಕಂಬಳಿ ಎಂದರೆ ಅವಳು ಸಾಕಿದ ರಾಯಲ್ ಪೈಥಾನ್, ವಿಷವಿಲ್ಲದ ಸಣ್ಣ ಜಾತಿಯ ಹೆಬ್ಬಾವು. ಮೈಮೇಲಿನ ಕಪ್ಪು, ಕಂದು ಪಟ್ಟೆ ನೋಡಿ ಇಟ್ಟ ಹೆಸರು. ಹೆದರಿದರೆ ಉಂಡೆಯಾಗಿ ಸುತ್ತಿ ತಲೆ ಅಡಗಿಸಿಕೊಳ್ಳುತ್ತಿತ್ತೇ ಹೊರತು, ಈವರೆಗೆ ಯಾರ ಮೇಲೂ ಬಿದ್ದಿರಲಿಲ್ಲ. ಈಗ ಕತ್ತನ್ನು ಕೊಕ್ಕೆಯಂತೆ ಮಡಚಿ ಬುಸುಗುಡುತ್ತಿತ್ತು. ಬುಸುಗುಟ್ಟಿದ ಮೇಲೆ ಒಂದು ಸಣ್ಣ ಗೊರಗೊರ. ಮೂಗಿನ ಹೊಳ್ಳೆಯ ಮೇಲೊಂದು ಗುಳ್ಳೆ. ಗೂಡಿನೊಳಗಿಂದ ಹುಳಿತ ಹಾಲಿನ ವಾಸನೆ ಬಂತು.

"ಶಿವಗಂಗಾ!"

ಚಹಾದ ಕಪ್ಪು ಹಿಡಿದು ಶಿವಗಂಗಾ ಅಡುಗೆಮನೆಯಿಂದ ಬಂದಳು. ಧಾರವಾಡದವಳು, ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಮೂರು ವರ್ಷದಿಂದ ಒಂದೇ ಮನೆ, ಒಂದೇ ಕುಕ್ಕರ್. ಮನೆಯಲ್ಲಿ ಉಳಿದವರೆಲ್ಲ ಆ ಗೂಡಿನತ್ತ ಕಣ್ಣೂ ಹಾಯಿಸದಿದ್ದಾಗ, ಹಾವು ಹಿಡಿಯುವುದನ್ನು ಅಹಲ್ಯಾಳಿಂದ ಆಸೆಪಟ್ಟು ಕಲಿತವಳು ಅವಳೊಬ್ಬಳೇ. ಅದಕ್ಕೇ ಅಹಲ್ಯಾ ಲೀಡ್ಸಿಗೆ ಹೋಗುವಾಗ ಬೀಗದ ಕೈ ಕೊಟ್ಟು ಒಂದೇ ಮಾತು ಹೇಳಿದ್ದಳು: ನೀರು ಬದಲಿಸು, ಹೊರಗೆ ತೆಗೀಬೇಡ.

"ಯಾರು ಹಾಲು ಹಾಕಿದ್ದು?"

"ಅಯ್ಯ, ಸಿಟ್ಟಾಗಬ್ಯಾಡ. ಮೊನ್ನೆ ನಾಗರ ಚೌತಿ ಇತ್ತಲ್ಲ. ಈ ಊರಾಗ ಹುತ್ತ ಎಲ್ಲೈತಿ ಹೇಳು? ವುಲ್ವರ್‌ಹ್ಯಾಂಪ್ಟನ್ನಿಂದ ಶ್ರೀಶೈಲ ಅಣ್ಣಾರ ಮನಿಯವರು ಬಂದಿದ್ರು. ಇನ್ನೂ ಎರಡು ಮನಿಯವರು. ಮನಿಯಾಗ ಖರೇ ನಾಗಪ್ಪನ್ನ ಇಟಗೊಂಡು ಕಲ್ಲಿಗೆ ಎರೀಲೇನು?"

"ಅದು ನಾಗರಹಾವೇ ಅಲ್ಲ ಕಣೇ!"

"ನಮ್ಮವ್ವಗ ಅಷ್ಟೆಲ್ಲ ತಿಳೀತದೇನು? ವಿಡಿಯೊ ಕಾಲ್‌ನಾಗ ನೋಡಿ ಕೈ ಮುಗಿದ್ಲು. ಮೂರು ವರ್ಷದಾಗ ಅಕಿ ಇಷ್ಟು ನಕ್ಕಿದ್ದ ನೋಡಿರಲಿಲ್ಲ."

"ಎಷ್ಟು ಹಾಲು?"

"ಒಂದೊಂದ ಚಮಚ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು... ಎಲ್ಲಾರ ಹೆಸರು ಹೇಳಬೇಕಲ್ಲ." ಶಿವಗಂಗಾ ಕಪ್ಪಿನೊಳಗೆ ನೋಡಿದಳು. "ನೀ ಇರಲಿಲ್ಲಂತ ನಿನ್ನ ಪಾಲೂ ನಾನ ಎರದೆ."

ಅಹಲ್ಯಾ ಲೆಕ್ಕ ಹಾಕಿದಳು. ಮೂರು ಮನೆಯವರು, ಅವರ ಇಲ್ಲಿನ ಬಳಗ, ಊರಿನ ಬಳಗ. ಚಮಚ ಚಮಚವಾಗಿ ಎಲ್ಲ ಪಾಲೂ ಬಿದ್ದದ್ದು ಈ ಪುಟ್ಟ ತಲೆಯ ಮೇಲೆ.

"ಅಷ್ಟು ಹೊತ್ತು ಅದು ಸುಮ್ನಿತ್ತಾ?"

"ನಾನ ಹಿಡಕೊಂಡಿದ್ದೆ. ನೀ ಕಲಿಸಿದಂಗ, ಎರಡೂ ಕೈಯಾಗ, ಮೈಗೆ ಆಧಾರ ಕೊಟ್ಟು, ಕತ್ತು ಒತ್ತದಂಗ. ಮಿಸುಕಲಿಲ್ಲ ನೋಡು, ಖರೇನ."

ಮಿಸುಕಲಿಲ್ಲ. ಹಾಗೆ ಹಿಡಿದ ಕೈಯಿಂದ ಕಂಬಳಿಗೆ ಎಂದೂ ಕೇಡಾಗಿರಲಿಲ್ಲ. ಆ ನಂಬಿಕೆ ಕಟ್ಟಲು ಅಹಲ್ಯಾಳಿಗೆ ಒಂದು ಇಡೀ ಚಳಿಗಾಲ ಹಿಡಿದಿತ್ತು. ಅದನ್ನೇ ಬಳಸಿಕೊಂಡು, ಕದಲದಂತೆ ಹಿಡಿದು, ಉಸಿರಾಡುವ ಹೊಳ್ಳೆಗೆ ಹಾಲು ಹೊಯ್ದಿದ್ದರು.

ಹಾವುಗಳನ್ನು ನೋಡುವ ಪಶುವೈದ್ಯೆಗೆ ಫೋನ್ ಮಾಡಿದಳು. ಕೂಡಲೇ ತನ್ನಿ, ಎಂದರು ಆಕೆ. ಹಾಲು ಶ್ವಾಸಕೋಶಕ್ಕೆ ಇಳಿದಿರಬಹುದು, ತೂಕ ಹೇಳಿದರೆ ಇಂಜೆಕ್ಷನ್ ಸಿದ್ಧವಿಡುತ್ತೇನೆ. ಕೊನೆಗೆ ಒಂದು ಎಚ್ಚರಿಕೆ ಕೊಟ್ಟರು: ಒದ್ದಾಡಲು ಬಿಡಬೇಡಿ, ಒದ್ದಾಡಿದಷ್ಟೂ ಉಸಿರು ಕಟ್ಟುತ್ತದೆ.

ಅಹಲ್ಯಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ನಾ ಹಿಡೀಲೇನ?" ಎಂದಳು ಶಿವಗಂಗಾ.

"ನೀನು ಆಚೆ ನಿಂತ್ಕೋ."

ಅಹಲ್ಯಾಳ ಕೈ ನಡುಗುತ್ತಿತ್ತು. ಭಯಕ್ಕಲ್ಲ, ಸಿಟ್ಟಿಗೆ. ಹಾವಿಗೆ ಅದೆಲ್ಲ ಒಂದೇ. ನಡುಗುವ ಕೈ ಎಂದರೆ ಅಪಾಯ. ಕುರ್ಚಿಯ ಮೇಲೆ ಕೂತು ಉಸಿರು ಸಮಕ್ಕೆ ಬರುವವರೆಗೆ ಕಾದಳು. ಆಮೇಲೆ ಪರದೆ ಎಳೆದು ಬೆಳಕು ತಗ್ಗಿಸಿದಳು. ಮೇಲಿನಿಂದ ಕೈ ಚಾಚಿದರೆ ಹದ್ದು ಎರಗಿದಂತೆ. ಪಕ್ಕದಿಂದ, ನೆಲಮಟ್ಟದಲ್ಲಿ, ತೆಳು ಟವೆಲ್ಲನ್ನು ಮುಂದೆ ಹಿಡಿದು ಸರಿಸಿದಳು. ಕಂಬಳಿ ಟವೆಲ್ಲಿಗೆ ಗುದ್ದಿತು. ಅವಳು ಕೈ ಹಿಂದೆಳೆಯಲಿಲ್ಲ, ಮುಂದೂ ಒತ್ತಲಿಲ್ಲ. ಮತ್ತೆ ಗುದ್ದಿತು, ಈ ಸಲ ಮೆಲ್ಲಗೆ.

ಟವೆಲ್ ತಲೆಯ ಮೇಲೆ ಸಡಿಲವಾಗಿ ಬಿತ್ತು. ಕತ್ತಲಾದಾಗ ಬುಸುಗುಟ್ಟುವುದು ನಿಂತಿತು, ಗೊರಗೊರ ಮಾತ್ರ ಉಳಿಯಿತು. ಅವಳು ಒಂದು ಅಂಗೈಯನ್ನು ಮೈಯ ನಡುವೆ, ಇನ್ನೊಂದನ್ನು ಬಾಲದ ಕಡೆಗೆ ತೂರಿಸಿ ಮೆಲ್ಲನೆ ಎತ್ತಿದಳು. ಎಂದಿನಂತೆ ಅದು ಮಣಿಕಟ್ಟಿಗೆ ಸುತ್ತಿಕೊಳ್ಳಲಿಲ್ಲ. ಮೈಯೆಲ್ಲ ಬಿಗಿದುಕೊಂಡು, ಕೈಯೊಳಗೆ ಅಪರಿಚಿತ ವಸ್ತುವಿನಂತೆ ಕೂತಿತ್ತು. ಎರೆದ ಕೈ ಯಾವುದು, ಎತ್ತುವ ಕೈ ಯಾವುದು ಎಂದು ಅದಕ್ಕೆ ಹೇಳುವುದು ಹೇಗೆ?

"ಅಹಲ್ಯಾ," ಬಾಗಿಲಾಚೆಯಿಂದ ಅಳುವ ದನಿ. "ಕೇಡು ಮಾಡಬೇಕಂತ ಮಾಡಲಿಲ್ಲ ನಾ."

"ನನ್ನನ್ನ ಕೇಳಿದ್ರೆ ಬೇಡ ಅಂತಿದ್ದೆ. ಗೊತ್ತಿದ್ದೇ ಕೇಳ್ಲಿಲ್ಲ ನೀನು."



ಕಂಬಳಿಯನ್ನು ತಕ್ಕಡಿಯ ಮೇಲಿನ ಡಬ್ಬದಲ್ಲಿಳಿಸಿ, ಟವೆಲ್ ತೆಗೆಯದೆ, ಡಬ್ಬದ ಮತ್ತು ಟವೆಲ್ಲಿನ ಭಾರ ಕಳೆದಳು.

"ಎಷ್ಟೈತಿ?" ಎಂದಳು ಶಿವಗಂಗಾ.

ಅಹಲ್ಯಾ ಅತ್ತ ತಿರುಗಲಿಲ್ಲ. ಫೋನಿನತ್ತ ಬಗ್ಗಿ ವೈದ್ಯೆಗೆ ತೂಕ ಹೇಳಿದಳು: 1,436 ಗ್ರಾಂ.